ಉಸಿರಿಗೊಂದು ಗೆರೆ

ಜೂನ್ 9

ಅತ್ತಿಗೆ,

ನಾನು ಕ್ಷೇಮ, ನೀವೂ ಕ್ಷೇಮವೆಂದು ನಂಬಿದ್ದೇನೆ ಎಂದು ಬರೆಯಲು ಹೋಗಿ ಪೆನ್ನು ಎತ್ತಿಟ್ಟೆ. ಇಬ್ಬರ ಮಟ್ಟಿಗೂ ಅದು ಸುಳ್ಳು. ನೇರ ವಿಷಯಕ್ಕೆ ಬರುತ್ತೇನೆ.

ನಾವಿನ್ನು ಫೋನಿನಲ್ಲಿ ಮಾತಾಡುವುದು ಬೇಡ. ಚಳಿಗಾಲದಲ್ಲಿ ಅಣ್ಣ ಹೋದಾಗಿನಿಂದ ಪ್ರತಿ ಭಾನುವಾರ ನಾನು ಫೋನ್ ಮಾಡುತ್ತೇನೆ. ನೀವು "ಊಟ ಆಯ್ತಾ?" ಅನ್ನುತ್ತೀರಿ. ನಾನು "ಆಯ್ತು, ನಿಮ್ದು?" ಅನ್ನುತ್ತೇನೆ. ಆಮೇಲೆ ಇಬ್ಬರೂ ಕಿವಿಗೆ ಫೋನು ಒತ್ತಿಕೊಂಡು ಸುಮ್ಮನೆ ಕೂತಿರುತ್ತೇವೆ. ಹೋದ ವಾರ ನಿಮ್ಮ ಅಡುಗೆಮನೆಯ ನಲ್ಲಿ ತೊಟ್ಟಿಕ್ಕುವುದು ನನಗೆ ಇಲ್ಲಿ ಕೇಳಿಸುತ್ತಿತ್ತು. ಮೊದಲು ಅದನ್ನು ರಿಪೇರಿ ಮಾಡಿಸಿ.

ಆದ್ದರಿಂದ ಕಾಗದ ಬರೆಯೋಣ. ಒಂದೇ ಷರತ್ತು: ನೋಡಿದ ಸಿನಿಮಾ, ನೋಡಿದ ಧಾರಾವಾಹಿ, ಇಷ್ಟರ ಬಗ್ಗೆ ಮಾತ್ರ ಬರೆಯಬೇಕು. ಹೇಗಿದ್ದೀರಿ, ನಿದ್ದೆ ಬರುತ್ತಾ, ಅವನ ಬಟ್ಟೆಬರೆ ಏನು ಮಾಡಿದಿರಿ, ಇವೆಲ್ಲ ಬೇಡವೇ ಬೇಡ. ಅಣ್ಣನಿಗೂ ನನಗೂ ಇದ್ದ ಮಾತಾದರೂ ಅದೇ ತಾನೇ. ಫೋನ್ ಎತ್ತಿದ ಕೂಡಲೇ "ಏನ್ ನೋಡ್ದೆ ಗಿಲಕಿ? ಹೇಳು, ಹೇಳು" ಅನ್ನುತ್ತಿದ್ದ. ನಾನು ಹೊಗಳಿದ್ದನ್ನು ತೆಗಳುತ್ತಿದ್ದ, ತೆಗಳಿದ್ದನ್ನು ಹೊಗಳುತ್ತಿದ್ದ. ಜನ್ಮದಲ್ಲಿ ಒಂದು ಸಲ ಒಪ್ಪಿದವನಲ್ಲ.

ಸರಿ, ಮೊದಲ ಸರದಿ ನನ್ನದು. ಶುಕ್ರವಾರ ಸಂಜೆ ಟಿವಿಯಲ್ಲಿ ದನದ ಡಾಕ್ಟರನ್ನು ನೋಡಿದೆ. ಆ ಪರದೇಶದ ಧಾರಾವಾಹಿಗೆ ನಮ್ಮ ಭಾಷೆಯ ಮಾತು ಬರೆಯುವವರು ನೀವು, ಕಥೆ ಹೇಳಲು ಹೊರಟವಳು ನಾನು. ಮೀನಿಗೆ ಈಜು ಹೇಳಿಕೊಟ್ಟ ಹಾಗೆ. ನಮ್ಮ ಕನ್ನಡಕದ ಅಂಗಡಿಯಲ್ಲಿ ಎಲ್ಲರಿಗೂ ಹೇಳಿಬಿಟ್ಟಿದ್ದೇನೆ: ಆ ಹಿಮದೂರಿನ ಬೋಳುತಲೆ ಡಾಕ್ಟರು ಟಿವಿಯಲ್ಲಿ ಬೈಯುತ್ತಾರಲ್ಲ, ದನಿ ನಮ್ಮಣ್ಣನದು, ಬೈಗುಳ ನಮ್ಮತ್ತಿಗೆಯದು. ಕಣ್ಣು ಪರೀಕ್ಷೆಗೆ ಬಂದ ಗಿರಾಕಿಗಳಿಗೂ ಹೇಳುತ್ತೇನೆ. ಅವರು ಎದುರಿನ ಅಕ್ಷರ ಓದುವುದು ಬಿಟ್ಟು ನನ್ನ ಮುಖ ನೋಡುತ್ತಾರೆ.

ಅವನು ಎಷ್ಟೊಂದು ಕಂತು ಮುಂಗಡವಾಗಿ ಮಾತಾಡಿಟ್ಟು ಹೋಗಿದ್ದಾನೆ ಅತ್ತಿಗೆ! ಒಂದಲ್ಲ ಒಂದು ಶುಕ್ರವಾರ ಆ ಬೋಳುತಲೆ ಬಾಯಿ ತೆರೆದಾಗ ಬೇರೆ ಯಾರದೋ ದನಿ ಬರುತ್ತದೆ ಅಂತ ಗೊತ್ತು. ಯಾವತ್ತು ಅಂತ ದಯವಿಟ್ಟು ಹೇಳಬೇಡಿ. ನನಗೇ ಗೊತ್ತಾಗುತ್ತದೆ. ಒಡಹುಟ್ಟಿದವಳಿಗೆ ಗೊತ್ತಾಗದೆ ಇನ್ಯಾರಿಗೆ ಗೊತ್ತಾಗಬೇಕು?

ಟಿವಿ ಆರಿಸಿ ಎದ್ದ,
ಗಿಲಕಿ


ಜೂನ್ 20

ಗಿಲಕಿ,

ನಲ್ಲಿ ರಿಪೇರಿ ಮಾಡಿಸಿದೆ. ಈಗ ಮನೆಯಲ್ಲಿ ಏನೂ ಕೇಳಿಸುವುದಿಲ್ಲ.

ಷರತ್ತಿನಂತೆ ಒಂದು ಸಿನಿಮಾ ನೋಡಿದೆ. ಅಣ್ಣತಮ್ಮ ಇಬ್ಬರೂ ಸೇರಿ ದೋಣಿ ಕಟ್ಟುವ ಕಥೆ. ಡಬ್ಬಿಂಗ್ ಸ್ಟುಡಿಯೋದಲ್ಲಿ ಎಲ್ಲರೂ ನೋಡು ನೋಡು ಎಂದರು. ಅರ್ಧ ದೋಣಿ ಮುಗಿಯುವ ಹೊತ್ತಿಗೆ ಅಣ್ಣ ನೀರಿಗೆ ಬಿದ್ದು ಸಾಯುತ್ತಾನೆ, ಉಳಿದದ್ದನ್ನು ತಮ್ಮ ಕಟ್ಟುತ್ತಾನೆ. ಅಣ್ಣ ಮುಳುಗುವಾಗ ನಾನು ನೋಡುತ್ತಿದ್ದದ್ದು ತಮ್ಮನ ತುಟಿಯನ್ನು. ಅವನು ತನ್ನ ಭಾಷೆಯಲ್ಲಿ ಏನೋ ಕಿರುಚಿದ. ತುಟಿ ಎರಡು ಸಲ ಮುಚ್ಚಿ ತೆರೆಯಿತು. ತುಟಿ ಮುಚ್ಚಿದ ಕಡೆ ನಮ್ಮ ಮಾತಿನಲ್ಲೂ ಪ, ಬ, ಮ ಬರಬೇಕು, ಇಲ್ಲದಿದ್ದರೆ ಬಾಯಿ ಒಂದು ಹೇಳುತ್ತದೆ, ದನಿ ಇನ್ನೊಂದು ಹೇಳುತ್ತದೆ. 'ಬೇಡಪ್ಪಾ' ಎಂದು ಹಾಕಿದರೆ ಸರಿಯಾಗಿ ಕೂರುತ್ತದೆ ಎಂದುಕೊಂಡೆ. ಅಷ್ಟರಲ್ಲಿ ಅಣ್ಣ ಸತ್ತಾಗಿತ್ತು.

ಅಳು ಬರಲಿಲ್ಲ. ಬೇಸರವೂ ಆಗಲಿಲ್ಲ. ಮಲಗಿದ್ದಾಗ ಕೈ ಮೈಯಡಿಗೆ ಸಿಕ್ಕಿ ಜೋಮು ಹಿಡಿಯುತ್ತದಲ್ಲ, ಆಗ ಯಾರಾದರೂ ಚಿವುಟಿದರೆ ಚಿವುಟುತ್ತಿದ್ದಾರೆ ಎಂದು ಕಾಣುತ್ತದೆ, ನೋವಾಗುವುದಿಲ್ಲ. ನನಗೆ ಈಗ ಎಲ್ಲ ಸಿನಿಮಾವೂ ಹಾಗೆ. ದೋಣಿ ಚೆನ್ನಾಗಿತ್ತು, ಮರಗೆಲಸ ಬಲ್ಲವರೇ ಮಾಡಿದ್ದಿರಬೇಕು. ಐದಕ್ಕೆ ಮೂರು ಕೊಡುತ್ತೇನೆ.

ಕೆಲಸಕ್ಕೆ ಹೋಗುತ್ತಿದ್ದೇನೆ. ಅದು ಷರತ್ತಿನ ಹೊರಗಿನ ಮಾತು, ಓದಿ ಮರೆತುಬಿಡು. ದನದ ಡಾಕ್ಟರ ವಿಷಯ ಹೇಳಬೇಡಿ ಎಂದಿದ್ದೀಯ. ಹೇಳುವುದಿಲ್ಲ.

ಅತ್ತಿಗೆ


ಜುಲೈ 2

ಅತ್ತಿಗೆ,

ಐದಕ್ಕೆ ಮೂರು! ಅಣ್ಣ ಕೇಳಿದ್ದರೆ "ಇವಳಿಂದ ಒಂದು ಮಾತು ಹೊರಡಿಸೋಕೆ ಸಂಬಳ ಕೊಡಬೇಕು" ಅನ್ನುತ್ತಿದ್ದ. ನಿಮ್ಮ ಅಭಿಪ್ರಾಯ ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗಿದೆ. ಚೆನ್ನಾಗಿತ್ತೋ ಇಲ್ಲವೋ?

ನಾನು ಕೊಲೆಯ ಧಾರಾವಾಹಿಯೊಂದನ್ನು ಹಿಡಿದು ಕೂತಿದ್ದೆ. ಅದರಲ್ಲಿ ಪ್ರತಿಯೊಬ್ಬರೂ ಮೊಣಕಾಲಿನ ತನಕ ಕೋಟು ಹಾಕಿಕೊಂಡು, ಕಿಟಕಿಯ ಹತ್ತಿರ ನಿಂತು, ಹೊರಗೆ ನೋಡಿಕೊಂಡೇ ಮಾತಾಡುತ್ತಾರೆ. ಒಬ್ಬರಿಗೊಬ್ಬರು ಮುಖ ಕೊಟ್ಟು ಮಾತಾಡಿದ್ದರೆ ಕೊಲೆಗಾರ ಎರಡನೇ ಕಂತಿನಲ್ಲೇ ಸಿಗುತ್ತಿದ್ದ. ಕೊನೆಗೆ ನೋಡಿದರೆ ತೋಟದ ಮಾಲಿ. ಬೆಟ್ಟ ಅಗೆದು ಇಲಿ ಹಿಡಿದರು. ಸಿಟ್ಟಿಗೆ ರಿಮೋಟನ್ನು ಸೋಫಾದ ಮೇಲೆ ಎಸೆದೆ, ಅದು ಸಂದಿಯಲ್ಲಿ ಬಿದ್ದು ಇನ್ನೂ ಸಿಕ್ಕಿಲ್ಲ.

ಆದರೆ ಶುಕ್ರವಾರದ ದನದ ಡಾಕ್ಟರು ಇದ್ದಾರಲ್ಲ ಅತ್ತಿಗೆ, ಅದಕ್ಕೆ ಐದಕ್ಕೆ ಐದು. ಮುದಿ ಕುದುರೆ ನೆಲ ಹಿಡಿದಿದೆ, ಏಳುವುದಿಲ್ಲ. ಊರಿನವರೆಲ್ಲ ಎಬ್ಬಿಸಿ ಎಬ್ಬಿಸಿ ಸೋತು ಮನೆಗೆ ಹೋಗುತ್ತಾರೆ. ಡಾಕ್ಟರು ಲಾಯದಲ್ಲಿ ಅದರ ಪಕ್ಕ ಹುಲ್ಲಿನ ಮೇಲೆ ಕೂತು ಹೇಳುತ್ತಾರೆ: "ಏಳು ಅಂತ ನಾನು ಹೇಳಲ್ಲ ಕಣೇ. ನಿನ್ನಿಷ್ಟ. ನಾನು ಸುಮ್ನೆ ಇಲ್ಲೇ ಕೂತಿರ್ತೀನಿ. ಬೆಳಗಾಗ್ಲಿ." ಒಂದೊಂದು ಮಾತಿಗೂ ನಿಂತು, ಉಸಿರೆಳೆದುಕೊಂಡು, ಮತ್ತೆ ಶುರು ಮಾಡಿದ ನೋಡಿ, ಅದು ಅಪ್ಪಟ ನಮ್ಮಣ್ಣ.

ಚಿಕ್ಕವರಿದ್ದಾಗ ಅವನಿಗೆ ಉಬ್ಬಸ ಬಂದರೆ ದಿಂಬು ಒರಗಿಸಿ ಕೂರಿಸುತ್ತಿದ್ದರು. ನೋಡಿದ ಸಿನಿಮಾದ ಕಥೆಯನ್ನು ನನಗೆ ಹೇಳುತ್ತಿದ್ದ. ಸ್ವಲ್ಪ ಹೇಳುತ್ತಿದ್ದ, ನಿಲ್ಲಿಸುತ್ತಿದ್ದ, ಉಸಿರು ಸಿಗುವವರೆಗೆ ನಾನು ಬಾಯಿ ಬಿಟ್ಟುಕೊಂಡು ಕಾಯುತ್ತಿದ್ದೆ. ಕಳ್ಳ ಬಾಗಿಲ ಹತ್ತಿರ ಬಂದ... ಆಮೇಲೆ? ಚಾಕು ತೆಗೆದ... ಆಮೇಲೆ? ಈಗ ಯಾವ ಸಿನಿಮಾ ನೋಡಿದರೂ ಆ ರುಚಿ ಇಲ್ಲ. ಕುದುರೆಯ ಕಂತಿನಲ್ಲಿ ಮತ್ತೆ ಬಾಯಿ ಬಿಟ್ಟುಕೊಂಡು ಕಾದೆ. ಆಮೇಲೆ ಚೆನ್ನಾಗಿ ಅತ್ತು, ಮುಖ ತೊಳೆದು, ಊಟ ಮಾಡಿದೆ.

ರಿಮೋಟು ಹುಡುಕಲು ಹೊರಟ,
ಗಿಲಕಿ


ಜುಲೈ 8 (ಕಳಿಸದೆ ಉಳಿದದ್ದು)

ಗಿಲಕಿ,

ಇದನ್ನು ನಿನಗೆ ಕಳಿಸುವುದಿಲ್ಲ. ಆದ್ದರಿಂದ ನೆಟ್ಟಗೆ ಬರೆಯಬಹುದು.

ಕುದುರೆಯ ಪಕ್ಕ ಕೂತು ಮಾತಾಡಿದವನು ನಿನ್ನಣ್ಣನಲ್ಲ. ನಿನ್ನಣ್ಣ ಮಾತಾಡಿಟ್ಟಿದ್ದ ಕಂತುಗಳು ಮೇ ತಿಂಗಳಲ್ಲೇ ಮುಗಿದುಹೋದವು. ನೀನು ಮೊದಲ ಕಾಗದ ಬರೆದಾಗಲೇ ಬೇರೆಯವನು ಬಂದಾಗಿತ್ತು. ಬಸ್ ನಿಲ್ದಾಣದಲ್ಲಿ ಮೈಕು ಹಿಡಿದು ಬಸ್ಸು ಹೊರಡುವ ಊರುಗಳ ಹೆಸರು ಹೇಳುತ್ತಿದ್ದ ಮನುಷ್ಯ. ಹಲವರ ದನಿ ಕೇಳಿ, ಇವನದು ಸುಮಾರಾಗಿ ಹೊಂದುತ್ತದೆ ಎಂದು ಆರಿಸಿದರು. ನನ್ನನ್ನೂ ಕೇಳಿದರು. "ಆಗಬಹುದು" ಎಂದೆ. ನನಗೆ ಆಗ ಎಲ್ಲರ ದನಿಯೂ ಒಂದೇ ಥರ ಕೇಳಿಸುತ್ತಿತ್ತು, ಈಗಲೂ ಹಾಗೇ ಕೇಳಿಸುತ್ತದೆ.

ಹೇಳಿಬಿಟ್ಟರೆ ನಿನಗೆ ಅಣ್ಣ ಇನ್ನೊಮ್ಮೆ ಹೋಗುತ್ತಾನೆ. ಅದೂ ಸಾಲದೆಂದು, ಒಡಹುಟ್ಟಿದವನ ದನಿ ಗುರುತು ಹಿಡಿಯಲಾರದೆ ಹೋದೆ ಎಂದು ನಿನ್ನನ್ನು ನೀನೇ ತಿಂದುಕೊಳ್ಳುತ್ತೀಯ. ಹೇಳದಿದ್ದರೆ ಪ್ರತಿ ಶುಕ್ರವಾರ ನಾನು ನಿನಗೆ ಮೋಸ ಮಾಡಿದ ಹಾಗೆ. ಇವೆರಡರಲ್ಲಿ ಯಾವುದು ಹೆಚ್ಚು ಕೆಟ್ಟದ್ದು ಎಂದು ತೂಗಿ ನೋಡಬೇಕಾದರೆ ಒಳಗೆ ಏನಾದರೂ ನೋಯಬೇಕು. ನನಗೆ ನೋಯುವುದಿಲ್ಲ. ಗಾಜಿನ ಈಚೆ ಕೂರುತ್ತೇನೆ, ಆಚೆ ಅವನು ನಿನ್ನಣ್ಣನ ಮೈಕಿನ ಮುಂದೆ ನಿಂತು ಮಾತಾಡುತ್ತಾನೆ, ನಾನು ಬಿಸ್ಕತ್ತು ತಿನ್ನುತ್ತೇನೆ. ನನಗೆ ಭಯವಿರುವುದು ಆ ಬಿಸ್ಕತ್ತಿನ ಬಗ್ಗೆ.


ಜುಲೈ 8

ಗಿಲಕಿ,

ಅಡುಗೆ ಸ್ಪರ್ಧೆಯ ಕಾರ್ಯಕ್ರಮ ನೋಡಿದೆ. ಸೋತವರು ಏಪ್ರನ್ ಬಿಚ್ಚಿ ಮಡಿಸಿ ಇಟ್ಟು ಹೋಗಬೇಕು. ಎಲ್ಲರೂ ಅಳುತ್ತಾ ಮಡಿಸುತ್ತಾರೆ. ಒಬ್ಬ ಹೆಂಗಸು ಮಾತ್ರ ನಾಲ್ಕೂ ಮೂಲೆ ಸರಿಯಾಗಿ ಕೂಡಿಸಿ, ಅಂಗೈಯಿಂದ ಸುಕ್ಕು ತೀಡಿ ಇಟ್ಟಳು. ಅವಳನ್ನು ಇಷ್ಟಪಟ್ಟೆ. ಐದಕ್ಕೆ ಮೂರೂವರೆ.

ಕುದುರೆಯ ಕಂತು ನಿನಗೆ ಹಿಡಿಸಿದ್ದು ಸಂತೋಷ. ರಿಮೋಟು ಸಿಕ್ಕಿತೇ?

ಅತ್ತಿಗೆ


ಆಗಸ್ಟ್ 5

ಅತ್ತಿಗೆ,

ಸಿಕ್ಕಿತು. ಅದರ ಜೊತೆ ಎರಡು ಬಾಚಣಿಗೆ, ಒಂದು ಗಿರಾಕಿಯ ಕನ್ನಡಕದ ಕಾಲು.

ನಮ್ಮ ಅಂಗಡಿಯ ಯಜಮಾನಿ ನನ್ನನ್ನು ಬಲವಂತವಾಗಿ ಥಿಯೇಟರಿಗೆ ಎಳೆದುಕೊಂಡು ಹೋದರು. "ಮನೇಲಿ ಕೂತು ಕೂತು ಹುಳಿ ಬಂದಿದೀಯ, ಬಾ" ಅಂದರು. ಮುದುಕ ಮುದುಕಿಯ ಪ್ರೇಮದ ಸಿನಿಮಾ. ಮುದುಕನಿಗೆ ಮರೆವು. ದಿನಾ ಬೆಳಿಗ್ಗೆ ಎದ್ದು ಹೆಂಡತಿಯನ್ನು "ನೀವ್ಯಾರು?" ಅನ್ನುತ್ತಾನೆ, ದಿನಾ ಅವಳು ಹೊಸದಾಗಿ ಪರಿಚಯ ಮಾಡಿಕೊಳ್ಳುತ್ತಾಳೆ. ಯಜಮಾನಿಯವರು ನನ್ನ ಕರವಸ್ತ್ರವನ್ನೂ ಒದ್ದೆ ಮಾಡಿದರು. ನನಗೆ ನಗು ಬಂತು. ಇಷ್ಟು ವರ್ಷ ಸಂಸಾರ ಮಾಡಿದವರ ದನಿ ಕೇಳಿದರೆ ಗೊತ್ತಾಗುವುದಿಲ್ಲವೇ? ಮುಖ ಮರೆಯಬಹುದು, ಹೆಸರು ಮರೆಯಬಹುದು. ದನಿ ಎಲ್ಲಾದರೂ ಮರೆಯುತ್ತದೆಯೇ? ಬರೆದವರಿಗೆ ಇಷ್ಟೂ ಗೊತ್ತಿಲ್ಲ.

ಅಲ್ಲಿ ಕೂತಾಗಲೇ ಇದು ಹೊಳೆದದ್ದು. ಅಣ್ಣನ ದನಿ ನನ್ನ ಹತ್ತಿರ ಒಂದೂ ಇಲ್ಲ. ಹಳೆಯ ಫೋನು ಬಕೆಟ್ಟಿಗೆ ಬಿದ್ದು ಎಲ್ಲ ಹೋಯಿತು. ನಿಮ್ಮ ಸ್ಟುಡಿಯೋದಲ್ಲಿ ಮಾತು ಬೇರೆ, ಸಂಗೀತ ಬೇರೆ ಇಟ್ಟಿರುತ್ತಾರೆ ಅಂತ ಅವನೇ ಹೇಳಿದ್ದ. ಆ ಕುದುರೆಯ ಕಂತಿನ ಮಾತು ಮಾತ್ರ ಒಂದು ಪ್ರತಿ ನನಗೆ ಬೇಕು. ಸಂಗೀತ ಬೇಡ, ಕುದುರೆಯೂ ಬೇಡ. ಅವನು, ಅವನ ಉಸಿರು, ಅಷ್ಟೇ. ನಿಮ್ಮನ್ನು ಇಷ್ಟು ವರ್ಷದಲ್ಲಿ ಏನಾದರೂ ಕೇಳಿದ್ದೇನಾ ಹೇಳಿ? ಇಲ್ಲ ಅನ್ನಬೇಡಿ.

ದಾರಿ ಕಾಯುವ,
ಗಿಲಕಿ


ಆಗಸ್ಟ್ 19

ಗಿಲಕಿ,

ಯುದ್ಧದ ಸಿನಿಮಾವೊಂದನ್ನು ಮೂರು ಸಲ ನೋಡಿದೆ. ಚೆನ್ನಾಗಿತ್ತೆಂದಲ್ಲ, ನಿನಗೆ ಬರೆಯುವುದನ್ನು ಮುಂದೂಡಲು. ಅದರಲ್ಲಿ ಸತ್ತ ಸೈನಿಕರ ಮನೆಗಳಿಗೆ ಹೋಗಿ ಸುದ್ದಿ ಮುಟ್ಟಿಸುವುದೇ ಕೆಲಸವಾಗಿರುವ ಒಬ್ಬನಿದ್ದಾನೆ. ಬಾಗಿಲು ತೆರೆದ ಕೂಡಲೇ ಹೇಳಿಬಿಡುತ್ತಾನೆ, ಒಳಗೆ ಹೋಗಿ ಕೂರುವುದಿಲ್ಲ. ಮೂರನೇ ಸಲ ನೋಡುವಾಗ ಅವನು ಮಾಡುವುದೇ ಸರಿ ಎನ್ನಿಸಿತು.

ಕುದುರೆಯ ಕಂತಿನಲ್ಲಿ ಇರುವುದು ನಿನ್ನಣ್ಣನ ದನಿಯಲ್ಲ. ಮೇ ತಿಂಗಳಿಂದ ಬೇರೆಯವನು ಮಾತಾಡುತ್ತಿದ್ದಾನೆ. ಮೊದಲು ಬಸ್ ನಿಲ್ದಾಣದಲ್ಲಿ ಕೆಲಸ ಮಾಡುತ್ತಿದ್ದವನು. ಹೇಳಬೇಡಿ ಎಂದು ನೀನು ಅಂದಿದ್ದೆ, ನನಗೇ ಗೊತ್ತಾಗುತ್ತದೆ ಎಂದೂ ಬರೆದಿದ್ದೆ. ನಾನು ಕಾದೆ. ನೀನು ಕುದುರೆಯ ಬಗ್ಗೆ ಬರೆದ ಮೇಲೆ ಹೇಳಲು ಬಾಯಿ ಬರಲಿಲ್ಲ.

ನೀನು ಕೇಳಿದ್ದನ್ನು ತಂದುಕೊಡುವುದು ಸುಲಭವಿತ್ತು. ಸೌಂಡ್ ಇಂಜಿನಿಯರ್‌ಗೆ ಹೇಳಿದರೆ ಕೈ ತಿರುಗಿಸುವಷ್ಟರಲ್ಲಿ ಆಗುವ ಕೆಲಸ. ನೀನು ಬದುಕಿರುವ ತನಕ ಅದನ್ನು ಜೋಪಾನ ಮಾಡುತ್ತಿದ್ದೆ, ಅಂಗಡಿಗೆ ಬಂದವರಿಗೆಲ್ಲ ಕೇಳಿಸುತ್ತಿದ್ದೆ. ಬಸ್ ನಿಲ್ದಾಣದವನ ದನಿಯನ್ನು ನಿನ್ನಣ್ಣನದೆಂದು ನಿನ್ನ ಕೈಯಲ್ಲಿ ಇಡಲು ನನ್ನಿಂದ ಆಗಲಿಲ್ಲ. ಈ ಕಾಗದದ ಜೊತೆಗಿನ ಪೆನ್ ಡ್ರೈವಿನಲ್ಲಿ ಇರುವುದು ನಿಜವಾಗಿ ನಿನ್ನಣ್ಣನದು. ಹೋದ ವರ್ಷದ ಕಂತು, ಡಾಕ್ಟರು ಕತ್ತೆಗೆ ಬೈಯುವುದು.

ಅತ್ತಿಗೆ


ಸೆಪ್ಟೆಂಬರ್ 30

ಅತ್ತಿಗೆ,

ಏನೂ ನೋಡಿಲ್ಲ. ಟಿವಿಯ ಮೇಲೆ ಹಳೆಯ ದುಪಟ್ಟಾ ಹೊದಿಸಿದ್ದೇನೆ. ಬರೆಯಲು ವಿಷಯವಿರಲಿಲ್ಲ, ಅದಕ್ಕೇ ಬರೆಯಲಿಲ್ಲ.

ನಿಮ್ಮ ಮೇಲೆ ಸಿಟ್ಟಿತ್ತು. ಆಮೇಲೆ ಅದೂ ಇಲ್ಲ. ಬೆಳಿಗ್ಗೆ ಅಂಗಡಿಗೆ ಹೋಗುತ್ತೇನೆ, ಗಾಜು ಒರೆಸುತ್ತೇನೆ, "ಈಗ ಸ್ಪಷ್ಟ ಕಾಣ್ತಿದ್ಯಾ?" ಅಂತ ಕೇಳುತ್ತೇನೆ, ಮನೆಗೆ ಬರುತ್ತೇನೆ. ಥಿಯೇಟರಿನಲ್ಲಿ ಆ ಮುದುಕನನ್ನು ನೋಡಿ ನಕ್ಕೆನಲ್ಲ, ಅದು ನೆನಪಾಗುತ್ತದೆ.

ನೀವು ಕಳಿಸಿದ ಕತ್ತೆಯ ಕಂತು ಮೇಜಿನ ಖಾನೆಯಲ್ಲಿದೆ. ಕೇಳಿಲ್ಲ. ಕೇಳಿ, ಅದೂ ಯಾರೋ ಪರಕೀಯನದು ಅನ್ನಿಸಿಬಿಟ್ಟರೆ ನಾನು ಏನು ಮಾಡಲಿ? ಸುಳ್ಳನ್ನು ಅಣ್ಣ ಅಂದುಕೊಂಡ ಕಿವಿ ನಿಜವನ್ನು ಯಾಕೆ ನಂಬುತ್ತದೆ? ಅವನು ಹೋಗಿ ಇನ್ನೂ ವರ್ಷ ತುಂಬಿಲ್ಲ, ಅಷ್ಟರಲ್ಲಿ ಮರೆತೆ. ತಂಗಿಯಂತೆ ತಂಗಿ.

ಗಿಲಕಿ ಅಂತ ಸಹಿ ಹಾಕಲು ಮನಸ್ಸಿಲ್ಲ. ಅವನಿಟ್ಟ ಹೆಸರು.


ಅಕ್ಟೋಬರ್ 11

ಗಿಲಕಿ,

ಹಾಗೆಯೇ ಕರೆಯುತ್ತೇನೆ. ಈ ಕಾಗದವನ್ನು ನಿಧಾನವಾಗಿ, ಕೂತುಕೊಂಡು ಓದು.

ನಿನ್ನೆ ರೆಕಾರ್ಡಿಂಗ್ ಇತ್ತು. ಬಸ್ ನಿಲ್ದಾಣದವನು ಎರಡು ದೃಶ್ಯ ಮುಗಿಸಿ, ಗಾಜಿನಾಚೆಯಿಂದ ಕೈ ಎತ್ತಿದ. "ಮೇಡಂ, ಒಂದು ಮಾತು ಕೇಳ್ಲಾ? ಬೇಜಾರು ಮಾಡ್ಕೋಬೇಡಿ. ನೀವು ಮಾತಿನ ಮಧ್ಯೆ ಪೆನ್ಸಿಲಲ್ಲಿ ಗೆರೆ ಹಾಕಿರ್ತೀರಲ್ಲ, ಅಲ್ಲೆಲ್ಲ ನಿಂತು ಉಸಿರು ತಗೋಬೇಕು ಅಂತ ತಾನೇ?"

"ಹೌದು" ಎಂದೆ.

"ತಗೋತಾ ಇದೀನಿ. ಆದ್ರೆ ನಿಜ ಹೇಳ್ಬೇಕಂದ್ರೆ ನಂಗೆ ಅಷ್ಟೊಂದು ಬೇಕಾಗಲ್ಲ. ಬಸ್ ಸ್ಟ್ಯಾಂಡಲ್ಲಿ ಒಂದೇ ಉಸಿರಿಗೆ ಇಡೀ ದಾರಿಯ ಊರೆಲ್ಲ ಹೇಳಿ ಮುಗಿಸ್ತಿದ್ದೆ. ಬೇರೆ ಪಾತ್ರದವರ ಹಾಳೇಲಿ ನೋಡ್ದೆ, ಗೆರೇನೇ ಇಲ್ಲ. ಈ ಡಾಕ್ಟರಿಗೆ ಎದೆ ಕಾಯಿಲೆ ಇದೆ ಅಂತ ಮುಂದೆ ಕಥೇಲಿ ಬರುತ್ತಾ?"

ಇಂಜಿನಿಯರ್ ತಲೆ ತಗ್ಗಿಸಿ ತನ್ನ ಗುಂಡಿಗಳನ್ನು ಬಟ್ಟೆಯಿಂದ ಒರೆಸತೊಡಗಿದ. ಅವನಿಗೆ ಮೊದಲೇ ಗೊತ್ತಿತ್ತೆಂದು ಕಾಣುತ್ತದೆ. ನಾನು ಹಾಳೆಗಳನ್ನು ತಿರುವಿ ನೋಡಿದೆ. ಪ್ರತಿ ಸಾಲಿನಲ್ಲೂ ನನ್ನ ಗೆರೆಗಳಿದ್ದವು. ಹಾಕಿದ್ದು ನನಗೆ ನೆನಪೇ ಇಲ್ಲ.

ನಿನಗೆ ಇದನ್ನು ಎಂದೂ ಹೇಳಿರಲಿಲ್ಲ. ನಿನ್ನಣ್ಣ ಮೊದಲ ದಿನ ಸ್ಟುಡಿಯೋಕ್ಕೆ ಬಂದಾಗ ಉದ್ದದ ಮಾತಿಗೆ ಉಸಿರು ಸಾಲದೆ ಮತ್ತೆ ಮತ್ತೆ ಸೋತ. ಹೊಸಬ, ಆಗುವುದಿಲ್ಲ, ಕಳಿಸಿಬಿಡಿ ಎಂದು ಮಾತಾಗುತ್ತಿತ್ತು. ನಾನು ಒಳಗೆ ಹೋಗಿ, ಹಾಳೆಯ ಮೇಲೆ ಪೆನ್ಸಿಲಿನಿಂದ ಓರೆ ಗೆರೆಗಳನ್ನು ಎಳೆದು, "ಇಲ್ಲಿ ನಿಲ್ಲಿ, ಇಲ್ಲಿ ನಿಲ್ಲಿ, ಯಾರೂ ಓಡಿಸ್ಕೊಂಡು ಬರ್ತಿಲ್ಲ" ಎಂದೆ. ಅಂದಿನಿಂದ ಅವನಿಗೆಂದು ಬರೆದ ಪ್ರತಿ ಮಾತನ್ನೂ ಅವನ ಎದೆಗೆ ಅಳತೆ ಮಾಡಿ ಬರೆದೆ. ಈ ಡಾಕ್ಟರು ಯಾವಾಗಲೂ ದನದ ಮೇಲೆ ಬಗ್ಗಿರುತ್ತಾರೆ, ತುಟಿ ಅಷ್ಟಾಗಿ ಕಾಣುವುದಿಲ್ಲ, ಬೇಕಾದಲ್ಲಿ ನಿಲ್ಲಿಸಬಹುದು. ಪಾತ್ರ ಹೇಳಿ ಮಾಡಿಸಿದ ಹಾಗಿತ್ತು.

ಅವನು ಹೋದ ಮೇಲೂ ನನ್ನ ಕೈ ನಿಲ್ಲಿಸಿಲ್ಲ. ಕುದುರೆಯ ಕಂತನ್ನು ನಾನು ಬರೆದದ್ದು ಅವನು ಹೋದ ನಂತರ. 'ನಿನ್ನಿಷ್ಟ' ಎಂಬಲ್ಲಿ ಒಂದು ಗೆರೆ, 'ಕೂತಿರ್ತೀನಿ' ಎಂಬಲ್ಲಿ ಒಂದು. ಬಸ್ ನಿಲ್ದಾಣದವನು ಪಾಪ, ಹೇಳಿದ ಕಡೆಯಲ್ಲೆಲ್ಲ ನಿಂತು ಉಸಿರೆಳೆದುಕೊಂಡಿದ್ದಾನೆ. ನೀನು ದಿಂಬಿನ ಪಕ್ಕ ಕೂತು ಕಾಯುತ್ತಿದ್ದೆಯಲ್ಲ, ಆ ಉಸಿರನ್ನೇ. ಗಂಟಲು ಬೇರೆಯವನದು, ಉಸಿರು ನಿನ್ನಣ್ಣನದು. ನೀನು ಕೇಳಿದ್ದನ್ನು ಸರಿಯಾಗಿಯೇ ಕೇಳಿದ್ದೀಯ. ನಾಲ್ಕು ಗೋಡೆಯೊಳಗೆ ಎದುರಿಗೇ ಕೂತಿದ್ದ ನನಗೆ ಕೇಳಿಸಲಿಲ್ಲ, ಟಿವಿಯ ಮುಂದೆ ಕೂತ ನಿನಗೆ ಕೇಳಿಸಿತು.

ಖಾನೆ ತೆಗೆದು ಕತ್ತೆಯ ಕಂತು ಕೇಳು. ಹೆದರಬೇಡ.

ಧಾರಾವಾಹಿ ಮುಗಿಯುತ್ತಿದೆ. ಕೊನೆಯ ಕಂತಿನ ಹಾಳೆಗಳು ನನ್ನ ಮೇಜಿನ ಮೇಲಿವೆ. ಡಾಕ್ಟರು ಕೆಲಸ ಬಿಟ್ಟು ಊರು ಬಿಡುತ್ತಾರೆ. ಲಾಯದ ಬಾಗಿಲಲ್ಲಿ ನಮಗೆ ಬೆನ್ನು ಹಾಕಿ ನಿಂತು ಕುದುರೆಗೆ ಕೊನೆಯ ಮಾತು ಹೇಳುತ್ತಾರೆ. ತುಟಿ ಕಾಣುವುದೇ ಇಲ್ಲ, ಏನು ಬೇಕಾದರೂ ಬರೆಯಬಹುದು. ಪೆನ್ಸಿಲು ಹಿಡಿದು ಕೂತಿದ್ದೇನೆ. ಗೆರೆ ಹಾಕಬೇಕೋ ಬೇಡವೋ ತಿಳಿಯುತ್ತಿಲ್ಲ.

ಅತ್ತಿಗೆ


ಅಕ್ಟೋಬರ್ 22

ಅತ್ತಿಗೆ,

ದುಪಟ್ಟಾ ತೆಗೆದೆ.

ಮೊದಲು ಕತ್ತೆಯನ್ನು ಕೇಳಿದೆ. "ನಿನಗಿಂತ ನಿನ್ನ ಯಜಮಾನನೇ ದೊಡ್ಡ ಕತ್ತೆ" ಅನ್ನುವಲ್ಲಿ ಜೋರಾಗಿ ನಕ್ಕುಬಿಟ್ಟೆ, ಪಕ್ಕದ ಮನೆಯವರು ಕಿಟಕಿ ತೆರೆದರು. ಅಣ್ಣ ಎದುರಿಗೆ ಬಂದು ನಿಂತ ಹಾಗಾಯಿತು. ಆಮೇಲೆ ಕುದುರೆಯ ಕಂತನ್ನು ಇನ್ನೊಮ್ಮೆ ಹಾಕಿ ನೋಡಿದೆ. ಈಗ ಗೊತ್ತಾಗುತ್ತದೆ ಅತ್ತಿಗೆ. ಬಸ್ ನಿಲ್ದಾಣದವನ ದನಿ ತೆಳು, ಅಣ್ಣನದು ಒಂದಿಷ್ಟು ಗೊಗ್ಗರು. ಆದರೂ ಅವನು ನಿಂತಲ್ಲಿ ನನ್ನ ಬಾಯಿ ತೆರೆದುಕೊಂಡಿತು. ಆ ಬಸ್ ನಿಲ್ದಾಣದವರಿಗೆ ನನ್ನ ನಮಸ್ಕಾರ ಹೇಳಿ.

ನನಗೆ ಇನ್ನೊಂದು ಹೊಳೆಯಿತು, ತಪ್ಪು ತಿಳಿಯಬೇಡಿ. ಅಣ್ಣ ನಿಮ್ಮನ್ನು ಮೆಚ್ಚಿದ್ದು ಯಾಕೆ ಅಂತ ನಮ್ಮ ಮನೆಯಲ್ಲಿ ಯಾರಿಗೂ ಅರ್ಥವಾಗಿರಲಿಲ್ಲ. ಕೇಳಿದರೆ "ಅವಳು ನನ್ನನ್ನ ಅವಸರಪಡಿಸಲ್ಲ" ಅನ್ನುತ್ತಿದ್ದ. ನಾವು ಹುಡುಗಿ ಸೋಮಾರಿ ಇರಬೇಕು ಅಂದುಕೊಂಡಿದ್ದೆವು.

ಕೊನೆಯ ಕಂತನ್ನು ನಿಮ್ಮ ಮನೆಯಲ್ಲೇ ನೋಡುತ್ತೇನೆ. ಯಜಮಾನಿಯ ಹತ್ತಿರ ರಜೆ ಕೇಳಿದ್ದೇನೆ. ಒಂದೇ ಬೇಡಿಕೆ. ಆ ಕೊನೆಯ ಮಾತಿಗೆ ಒಂದು ಗೆರೆ ಹಾಕಿ. ಒಂದೇ ಒಂದು.

ನಿಮ್ಮ,
ಗಿಲಕಿ


ಅಕ್ಟೋಬರ್ 29

ಗಿಲಕಿ,

ನಿನ್ನ ಕಾಗದ ಕೈಗೆ ಬರುವ ಹೊತ್ತಿಗೆ ರೆಕಾರ್ಡಿಂಗ್ ಮುಗಿದುಹೋಗಿತ್ತು. ಗೆರೆ ಹಾಕಲಿಲ್ಲ. ಬರೆದು, ಪೆನ್ಸಿಲನ್ನು ಡಬ್ಬಿಗೆ ಹಾಕಿ ಮುಚ್ಚಳ ಮುಚ್ಚಿದೆ. ಆ ಮನುಷ್ಯ ಇಷ್ಟು ದಿನ ಇನ್ನೊಬ್ಬರ ಉಸಿರಿನಲ್ಲಿ ಮಾತಾಡಿದ್ದಾನೆ, ಒಂದು ಮಾತನ್ನಾದರೂ ತನ್ನ ಉಸಿರಿನಲ್ಲಿ ಹೇಳಲಿ ಎನ್ನಿಸಿತು. ನಿನಗೆ ಬೇಸರವಾಗಬಹುದು. ಆಗಲಿ.

ಮಾತು ಇದು: "ಬಾಗಿಲು ಮುಚ್ಕೊಂಡು ಹೋಗ್ತೀನಿ ಗಾಳಿ ಬರುತ್ತೆ ನೀನು ಮಲಕ್ಕೋ ಯಾರಾದ್ರೂ ಕೇಳಿದ್ರೆ ಅವನಾಗ್ಲೇ ಹೊರಟ ಅಂತ ಹೇಳು."

ಅವನು ಹಾಳೆ ನೋಡಿ, ಗಾಜಿನಾಚೆಯಿಂದ ನನ್ನನ್ನು ನೋಡಿದ. "ಗೆರೆ ಇಲ್ವಲ್ಲ ಮೇಡಂ?" ಎಂದ. "ಇಲ್ಲ" ಎಂದೆ. ಎದೆ ತುಂಬ ಗಾಳಿ ಎಳೆದುಕೊಂಡು, ಎಲ್ಲೂ ನಿಲ್ಲದೆ ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿದ. ಚೆನ್ನಾಗಿ ಹೇಳಿದ. 'ಮಲಕ್ಕೋ' ಆದ ಮೇಲೆ, ಅವನು ನಿಲ್ಲದೆ ಮುಂದಕ್ಕೆ ಹೋದ ಜಾಗದಲ್ಲಿ, ನಾನು ಈಚೆ ಕಡೆ ಕೂತಲ್ಲೇ ಉಸಿರೆಳೆದುಕೊಂಡೆ. ಎಷ್ಟು ಜೋರಾಗಿ ಎಂದರೆ ಇಂಜಿನಿಯರ್ ತಿರುಗಿ ನೋಡಿದ.

ಆಮೇಲೆ ಅತ್ತುಬಿಟ್ಟೆ. ನಿನ್ನಣ್ಣ ಹೋದ ಮೇಲೆ ಇದೇ ಮೊದಲು. ಬಿಸ್ಕತ್ತಿನ ತಟ್ಟೆ ಪಕ್ಕಕ್ಕೆ ಸರಿಸಿ, ಮೇಜಿನ ಮೇಲೆ ತಲೆಯಿಟ್ಟು, ಹೊಟ್ಟೆ ನೋಯುವಷ್ಟು ಅತ್ತೆ. ಬಹಳ ನೋಯಿತು ಗಿಲಕಿ. ಇಂಜಿನಿಯರ್ ದೀಪ ಆರಿಸಿ, ಬಸ್ ನಿಲ್ದಾಣದವನನ್ನು ಕರೆದುಕೊಂಡು ಟೀ ಕುಡಿಯಲು ಹೊರಗೆ ಹೋದ.

ಕೊನೆಯ ಕಂತಿನ ಶುಕ್ರವಾರ ಬೇಗ ಬಾ. ನಿನ್ನಣ್ಣನ ಬಟ್ಟೆಗಳು ಹಾಗೆಯೇ ಇವೆ, ಏನು ಮಾಡಬೇಕೆಂದು ನೋಡೋಣ. ಷರತ್ತು ಮುರಿದದ್ದಕ್ಕೆ ಬೈಯಬೇಡ. ಕೊನೆಯ ಮಾತು ಬಂದಾಗ ಆ ಜಾಗ ನಿನಗೂ ಗೊತ್ತಾಗುತ್ತದೆ. ಅವನು ಅಲ್ಲಿ ನಿಲ್ಲುವುದಿಲ್ಲ. ನಾವಿಬ್ಬರೂ ನಿಲ್ಲೋಣ.

ನಿನ್ನ ಅತ್ತಿಗೆ